ಗಾಡಿ ಸ್ಟಾರ್ಟ್ ಆಗದಿದ್ದಾಗ: ಬಿಡಿಭಾಗ ಕೊಳ್ಳುವ ಮೊದಲು ದೋಷ ಎಲ್ಲಿದೆಯೆಂದು ತಿಳಿಯುವ ಬಗೆ

ನಾಟಿಯ ಹಂಗಾಮಿನಲ್ಲಿ ಸಿಂಧನೂರು, ಕಾರಟಗಿ, ಸಿರುಗುಪ್ಪ ಭಾಗದ ಭತ್ತದ ಗದ್ದೆಯ ಬದುವಿನಲ್ಲಿ ನಿಂತ ಟ್ರ್ಯಾಕ್ಟರ್ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲವೆಂದರೆ, ಆ ದಿನಕ್ಕೆ ಹೇಳಿಟ್ಟ ಆಳುಗಳು, ಕಾಲುವೆ ನೀರಿನ ಪಾಳಿ, ಮುಂದಿನ ಹೊಲದವರಿಗೆ ಕೊಟ್ಟ ಮಾತು ಎಲ್ಲವೂ ಒಟ್ಟಿಗೇ ಕೆಡುತ್ತವೆ. ಬಳ್ಳಾರಿಯಿಂದ ತೋರಣಗಲ್ಲಿನ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೊರಟವರ ಬೈಕು ಮನೆ ಮುಂದೆಯೇ ನಿಂತರೂ ಇದೇ ಗತಿ. ಹಾಗಾಗಿ ಜನ ಅವಸರಕ್ಕೆ ಬೀಳುತ್ತಾರೆ. ಅವಸರದಲ್ಲಿ ಬ್ಯಾಟರಿ ಬದಲಿಸುತ್ತಾರೆ, ಅದಕ್ಕೂ ಜಗ್ಗದಿದ್ದರೆ ಸೆಲ್ಫ್ ಮೋಟಾರ್ ಬಿಚ್ಚಿಸುತ್ತಾರೆ, ಆಮೇಲೆ ಪಂಪು, ಆಮೇಲೆ ಸೆನ್ಸರ್. ಕೊನೆಗೆ ದೋಷ ಒಂದು ಸಡಿಲ ಬೋಲ್ಟಿನಲ್ಲಿತ್ತೆಂದು ಗೊತ್ತಾಗುವ ಹೊತ್ತಿಗೆ ಸಾವಿರಾರು ರೂಪಾಯಿ ಖರ್ಚಾಗಿರುತ್ತದೆ. ಬಿಡಿಭಾಗವನ್ನು ಬದಲಿಸಿ ನೋಡುವುದು ಪರೀಕ್ಷೆಯಲ್ಲ. ಪರೀಕ್ಷೆ ಮುಗಿದ ಮೇಲೆ ಮಾಡಬೇಕಾದ ಕೆಲಸ ಅದು. ಈ ಎರಡರ ಕ್ರಮ ತಲೆಕೆಳಗಾಗುವುದರಿಂದ ಆಗುವ ನಷ್ಟವನ್ನು ನಮ್ಮ ಭಾಗದ ರೈತರೂ ಸಣ್ಣ ಗಾಡಿ ಮಾಲೀಕರೂ ಸುಮ್ಮನೆ ಹೊರುತ್ತಿದ್ದಾರೆಂಬುದೇ ಇದನ್ನು ವಿವರವಾಗಿ ಬರೆಯಲು ಕಾರಣ.

ಕೀಲಿ ತಿರುಗಿಸಿದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಒಂದೇ: ಎಂಜಿನ್ ತಿರುಗುತ್ತಿದೆಯೇ, ಇಲ್ಲವೇ? ಸೆಲ್ಫ್ ಎಂಜಿನ್ನನ್ನು ತಿರುಗಿಸುವುದು ಬೇರೆ, ಎಂಜಿನ್ ತಾನಾಗಿ ಉರಿದು ಓಡುವುದು ಬೇರೆ. ಮೊದಲನೆಯದು ಸಂಪೂರ್ಣವಾಗಿ ವಿದ್ಯುತ್ತಿನ ಕೆಲಸ. ಅದರಲ್ಲಿ ಪೆಟ್ರೋಲ್, ಡೀಸೆಲ್, ಕಿಡಿ ಹಾರಿಸುವ ಪ್ಲಗ್, ಡೀಸೆಲ್ ಚಿಮ್ಮಿಸುವ ನಾಝಲ್ ಯಾವುದಕ್ಕೂ ಪಾತ್ರವಿಲ್ಲ. ಎರಡನೆಯದಕ್ಕೆ ಇಂಧನ, ಗಾಳಿ, ಒತ್ತಡ, ಪೆಟ್ರೋಲ್ ಗಾಡಿಯಾದರೆ ಕಿಡಿ, ಇವೆಲ್ಲವೂ ಸರಿಯಾದ ಹೊತ್ತಿಗೆ ಕೂಡಿ ಬರಬೇಕು. ಎಂಜಿನ್ ತಿರುಗದಿದ್ದಾಗ ಡೀಸೆಲ್ ಫಿಲ್ಟರ್ ಬಿಚ್ಚುವುದೂ, ಚೆನ್ನಾಗಿ ತಿರುಗುತ್ತಿದ್ದರೂ ಬ್ಯಾಟರಿಯನ್ನು ಶಂಕಿಸುವುದೂ ಎರಡೂ ವ್ಯರ್ಥ. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಹುಡುಕಬೇಕಾದ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಎಂಜಿನ್ ತಿರುಗುತ್ತಿಲ್ಲ, ಅಥವಾ ಒಂದೆರಡು ಸಲ ಭಾರವಾಗಿ ಹೊರಳಿ ನಿಲ್ಲುತ್ತದೆ ಎಂದುಕೊಳ್ಳೋಣ. ಆಗ ಬ್ಯಾಟರಿಯಿಂದಲೇ ಆರಂಭಿಸಬೇಕು, ಆದರೆ ಅಳೆದು ಆರಂಭಿಸಬೇಕು. ಸಾಧಾರಣ ಮಲ್ಟಿಮೀಟರ್ ಹೊಸ ಬ್ಯಾಟರಿಯ ಬೆಲೆಯ ಹತ್ತರಲ್ಲೊಂದು ಪಾಲಿಗೂ ಕಡಿಮೆಗೆ ಸಿಗುತ್ತದೆ, ಮತ್ತು ಟ್ರ್ಯಾಕ್ಟರ್ ಇರುವ ಪ್ರತಿ ಮನೆಯಲ್ಲೂ ಒಂದು ಇರಬೇಕೆಂಬುದು ನನ್ನ ದೃಢ ಅಭಿಪ್ರಾಯ. 12 ವೋಲ್ಟ್ ಎಂದು ಕರೆಯುವ ಸೀಸದ ಬ್ಯಾಟರಿಯಲ್ಲಿ ತಲಾ ಸುಮಾರು 2.1 ವೋಲ್ಟಿನ ಆರು ಕೋಶಗಳಿರುತ್ತವೆ. ಆದ್ದರಿಂದ ರಾತ್ರಿಯಿಡೀ ಸುಮ್ಮನಿದ್ದು, ಪೂರ್ತಿ ಚಾರ್ಜ್ ಉಳಿಸಿಕೊಂಡಿರುವ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಎಂದರೆ ಸರಿಸುಮಾರು ಅರ್ಧ ಖಾಲಿ. 12.0ಕ್ಕೆ ಇಳಿದಿದ್ದರೆ ನಾಲ್ಕನೇ ಒಂದು ಭಾಗವಷ್ಟೇ ಉಳಿದಿದೆಯೆಂದು ತಿಳಿಯಬೇಕು. ಮೀಟರಿನಲ್ಲಿ 12 ಎಂದು ಕಂಡ ಕೂಡಲೇ ಬ್ಯಾಟರಿ ಚೆನ್ನಾಗಿದೆಯೆಂದು ಭಾವಿಸುವವರು ಬಹಳ, ಮತ್ತು ಅವರ ಹುಡುಕಾಟ ಅಲ್ಲಿಂದಲೇ ದಾರಿ ತಪ್ಪುತ್ತದೆ.

ಬ್ಯಾಟರಿ ಚಳಿಗಾಲದಲ್ಲಿ ಕೈಕೊಡುತ್ತದೆಂದು ಹಿಮ ಬೀಳುವ ನಾಡುಗಳ ಪುಸ್ತಕಗಳು ಹೇಳುತ್ತವೆ. ರಾಯಚೂರು, ಬಳ್ಳಾರಿಗಳಲ್ಲಿ ಅದನ್ನು ಕೊಲ್ಲುವುದು ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿ ದಾಟುವುದು ವಾಡಿಕೆ, ಬಾನೆಟ್ಟಿನ ಒಳಗಿನ ಶಾಖ ಅದಕ್ಕಿಂತ ಬಹಳ ಹೆಚ್ಚು. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆಂಬ ಸ್ಥೂಲ ನಿಯಮ ಬ್ಯಾಟರಿಗೂ ಅನ್ವಯಿಸುತ್ತದೆ: ಒಳಗಿನ ಸೀಸದ ಜಾಲರಿ ಬೇಗ ಸವೆಯುತ್ತದೆ, ನೀರು ಬೇಗ ಆವಿಯಾಗುತ್ತದೆ, ಫಲಕಗಳ ಮೇಲ್ಭಾಗ ಗಾಳಿಗೆ ತೆರೆದುಕೊಂಡು ಮತ್ತೆ ಕೆಲಸಕ್ಕೆ ಬಾರದಂತಾಗುತ್ತದೆ. ಮುಚ್ಚಳ ಬಿಚ್ಚಬಹುದಾದ ಬ್ಯಾಟರಿಗೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ನೀರಿನ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಉಪ್ಪಿನಂಶದ ಬೋರ್‌ವೆಲ್ ನೀರು ಹಾಕುವುದೆಂದರೆ ಬ್ಯಾಟರಿಯ ಆಯುಸ್ಸನ್ನು ಕೈಯಾರೆ ಕಡಿಮೆ ಮಾಡಿದಂತೆ.

ಇನ್ನು ಈ ವಿಷಯದ ಅತ್ಯಂತ ಮುಖ್ಯವಾದ, ಆದರೆ ಅತಿ ಕಡಿಮೆ ಮಂದಿ ಮಾಡುವ ಪರೀಕ್ಷೆಗೆ ಬರೋಣ. ಹೆಡ್‌ಲೈಟ್ ಪ್ರಖರವಾಗಿ ಉರಿಯುತ್ತದೆ, ಹಾರ್ನ್ ಜೋರಾಗಿದೆ, ಮೀಟರ್ 12.5 ತೋರಿಸುತ್ತದೆ, ಆದರೂ ಕೀಲಿ ತಿರುಗಿಸಿದರೆ ಸೆಲ್ಫ್ ಟಕ್ ಎಂದು ಸುಮ್ಮನಾಗುತ್ತದೆ. ಇಂಥ ಸಂದರ್ಭದಲ್ಲಿ ಸೆಲ್ಫ್ ಮೋಟಾರೇ ಸುಟ್ಟಿದೆಯೆಂದು ಹೇಳಿಬಿಡುವುದು ಸುಲಭ. ಆದರೆ ಒಂದು ಲೆಕ್ಕ ಮಾಡಿ ನೋಡಬೇಕು. ಹೆಡ್‌ಲೈಟಿನ ಒಂದು ಬಲ್ಬು ಎಳೆಯುವುದು ಸುಮಾರು 5 ಆಂಪಿಯರ್. ಟ್ರ್ಯಾಕ್ಟರಿನ ಸೆಲ್ಫ್ ಎಳೆಯುವುದು 200 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು. ದಾರಿಯಲ್ಲೆಲ್ಲೋ ತುಕ್ಕಿನಿಂದಾಗಿ ಬರೀ 0.02 ಓಮ್‌ನಷ್ಟು ಅಡ್ಡಿ ಹುಟ್ಟಿಕೊಂಡಿದೆಯೆಂದರೆ, ಲೈಟಿಗೆ ಹೋಗುವ ವಿದ್ಯುತ್ತಿನಲ್ಲಿ ಅದು ತಿನ್ನುವುದು 0.1 ವೋಲ್ಟ್ ಮಾತ್ರ, ಕಣ್ಣಿಗೆ ವ್ಯತ್ಯಾಸವೇ ಕಾಣದು. ಅದೇ ಅಡ್ಡಿ ಸೆಲ್ಫಿನ 200 ಆಂಪಿಯರ್‌ನಲ್ಲಿ 4 ವೋಲ್ಟ್ ತಿಂದುಹಾಕುತ್ತದೆ. ತುಂಗಭದ್ರಾ ಜಲಾಶಯ ತುಂಬಿದ್ದರೂ ಎಡದಂಡೆ ಕಾಲುವೆಯ ಕೊನೆಭಾಗದ ಹೊಲಕ್ಕೆ ನೀರು ಮುಟ್ಟದಿರುವುದನ್ನು ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ; ತೊಂದರೆ ಜಲಾಶಯದಲ್ಲೂ ಇಲ್ಲ, ಹೊಲದಲ್ಲೂ ಇಲ್ಲ, ನಡುವಿನ ಹೂಳಿನಲ್ಲಿದೆ.

ಈ ಹೂಳನ್ನು ಪತ್ತೆ ಮಾಡುವುದು ಹೀಗೆ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಮುಳ್ಳನ್ನು ಬ್ಯಾಟರಿಯ ಮೈನಸ್ ಕಂಬದ ಸೀಸದ ಮೇಲೆಯೇ, ಕ್ಲಾಂಪಿನ ಮೇಲಲ್ಲ, ಒತ್ತಿ ಹಿಡಿಯಬೇಕು. ಕೆಂಪು ಮುಳ್ಳನ್ನು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ ತಾಗಿಸಬೇಕು. ಇನ್ನೊಬ್ಬರು ಕೀಲಿ ತಿರುಗಿಸಬೇಕು. ಎಲ್ಲವೂ ಸರಿಯಿದ್ದರೆ ಮೀಟರ್ 0.2 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. 0.5 ದಾಟಿದರೆ, ಮೈನಸ್ ಕಂಬವನ್ನು ಗಾಡಿಯ ಲೋಹಕ್ಕೆ ಸೇರಿಸುವ ಅರ್ಥ್ ಕೇಬಲ್ಲಿನಲ್ಲಿ ದೋಷವಿದೆ. ಕೆಸರು ಗದ್ದೆಯಲ್ಲಿ ದುಡಿಯುವ ಟ್ರ್ಯಾಕ್ಟರಿನಲ್ಲಿ ಅರ್ಥ್ ಪಟ್ಟಿಯ ಬೋಲ್ಟು ನೀರು ಮಣ್ಣು ಸೇರಿ ತುಕ್ಕು ಹಿಡಿದಿದ್ದರೆ ಅಲ್ಲಿ 3, 4 ವೋಲ್ಟ್ ಕಾಣಿಸಿಕೊಳ್ಳಬಹುದು. ಆಗ ಮಾಡಬೇಕಾದದ್ದು ಇಷ್ಟೇ: ಬೋಲ್ಟು ಬಿಚ್ಚಿ, ಪಟ್ಟಿಯ ತುದಿಯನ್ನೂ ಅದು ಕೂರುವ ಲೋಹವನ್ನೂ ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಸ್ವಲ್ಪ ಗ್ರೀಸ್ ಸವರುವುದು. ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗಿನ ದಾರಿಯನ್ನೂ ಇದೇ ರೀತಿ ಅಳೆಯಬಹುದು. ಅಳೆಯುವಾಗ ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್‌ಬ್ರೇಕ್ ಹಾಕಿರಬೇಕು, ಎಂಜಿನ್ ಹೊತ್ತಿಕೊಳ್ಳಬಹುದೆಂಬ ಎಚ್ಚರದಲ್ಲಿ ಫ್ಯಾನು ಮತ್ತು ಬೆಲ್ಟಿನಿಂದ ಕೈ, ಟವೆಲ್ಲು, ಸೆರಗು ದೂರವಿರಬೇಕು.

ಅದೇ ಹೊತ್ತಿಗೆ ಬ್ಯಾಟರಿಯ ಎರಡೂ ಕಂಬಗಳ ನಡುವೆಯೂ ಅಳೆಯಬೇಕು. ಸೆಲ್ಫ್ ತಿರುಗುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಖಾಲಿಯಾಗಿದೆ ಅಥವಾ ಒಳಗೆ ಹಾಳಾಗಿದೆ. ಪೂರ್ತಿ ಚಾರ್ಜ್ ಮಾಡಿದ ಮೇಲೂ ಹಾಗೆಯೇ ಕುಸಿದರೆ ಮಾತ್ರ ಹೊಸದನ್ನು ಕೊಳ್ಳಬೇಕು. ವೋಲ್ಟೇಜ್ 11.5ರ ಮೇಲೆಯೇ ನಿಂತು ಸೆಲ್ಫ್ ತಿರುಗದಿದ್ದರೆ ಬ್ಯಾಟರಿಯಿಂದ ವಿದ್ಯುತ್ ಹೊರಗೇ ಹೋಗುತ್ತಿಲ್ಲ, ಅಂದರೆ ತಂತಿ, ಸ್ವಿಚ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚುವ ಸ್ವಿಚ್) ಅಥವಾ ಮೋಟಾರಿನಲ್ಲಿ ಅಡಚಣೆಯಿದೆ.

ಕಂಬಗಳ ಮೇಲೆ ಕಟ್ಟುವ ಬಿಳಿ, ಹಸಿರು ಮಿಶ್ರಿತ ಪುಡಿಯನ್ನು ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆಯಬಹುದು. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟು ತೆಗೆದುಕೊಳ್ಳುವಾಗಲೂ ಕಪ್ಪು ಕೇಬಲ್ಲಿನ ಕೊನೆಯ ತುದಿಯನ್ನು ಸತ್ತ ಬ್ಯಾಟರಿಯ ಮೈನಸ್‌ಗೆ ಹಚ್ಚದೆ, ದೂರದ ಎಂಜಿನ್ ಲೋಹಕ್ಕೆ ಹಚ್ಚಬೇಕು. ಚಾರ್ಜ್ ಆಗುವ ಬ್ಯಾಟರಿಯ ಬಾಯಿಂದ ಹೈಡ್ರೋಜನ್ ಹೊರಬರುತ್ತದೆ, ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಅವೆರಡೂ ಒಂದೇ ಜಾಗದಲ್ಲಿ ಸೇರಬಾರದು. ಬೀಡಿ ಸಿಗರೇಟು ಹತ್ತಿರ ಸುಳಿಯಬಾರದೆಂದು ಬೇರೆ ಹೇಳಬೇಕಿಲ್ಲ.

ಸೆಲ್ಫಿನ ಸದ್ದನ್ನು ಕಿವಿಗೊಟ್ಟು ಕೇಳಿದರೆ ಅದೂ ಬಹಳಷ್ಟು ಹೇಳುತ್ತದೆ. ಟಕಟಕಟಕ ಎಂದು ಬೇಗ ಬೇಗ ಬಡಿದುಕೊಂಡರೆ ಬ್ಯಾಟರಿ ಬಳಲಿದೆ ಅಥವಾ ಜೋಡಣೆ ಸಡಿಲವಾಗಿದೆ. ಸೆಲ್ಫಿಗೆ ಕರೆಂಟು ಕೊಡುವ ಅಯಸ್ಕಾಂತದ ಸ್ವಿಚ್, ಅಂದರೆ ಸೊಲೆನಾಯ್ಡ್, ಎಳೆದುಕೊಳ್ಳುತ್ತದೆ, ಮೋಟಾರಿಗೆ ಕರೆಂಟು ಹೋದ ಕೂಡಲೇ ವೋಲ್ಟೇಜ್ ಬಿದ್ದು ಅದು ಬಿಟ್ಟುಕೊಡುತ್ತದೆ, ಮತ್ತೆ ಎಳೆಯುತ್ತದೆ. ಒಂದೇ ಸಲ ಗಟ್ಟಿಯಾಗಿ ಟಕ್ ಎಂದು ನಿಂತು, ಬ್ಯಾಟರಿ ಮತ್ತು ಕೇಬಲ್ ಎರಡೂ ಪರೀಕ್ಷೆಯಲ್ಲಿ ಪಾಸಾಗಿದ್ದರೆ, ಸೊಲೆನಾಯ್ಡಿನ ಒಳಗಿನ ತಾಮ್ರದ ಸಂಪರ್ಕ ಅಥವಾ ಮೋಟಾರಿನೊಳಗೆ ಕರೆಂಟು ದಾಟಿಸುವ ಕಾರ್ಬನ್ ತುಂಡು ಸವೆದಿರುವ ಸಾಧ್ಯತೆ ಹೆಚ್ಚು. ಅಪರೂಪಕ್ಕೆ ಎಂಜಿನ್ನೇ ಬಿಗಿದುಕೊಂಡಿರಬಹುದು. ಯಾವ ಸದ್ದೂ ಇಲ್ಲದಿದ್ದರೆ ಕೀಲಿಯಿಂದ ಸೆಲ್ಫಿಗೆ ಆದೇಶವೇ ತಲುಪುತ್ತಿಲ್ಲ. ಫ್ಯೂಸ್, ರಿಲೇ, ಕೀಲಿ ಸ್ವಿಚ್ ನೋಡುವ ಮೊದಲು ಸುರಕ್ಷತೆಗೆಂದು ಇಟ್ಟ ಅಡ್ಡಗಟ್ಟುಗಳನ್ನು ನೋಡಬೇಕು: ಬೈಕಿನ ಕಿಲ್ ಸ್ವಿಚ್ ಮತ್ತು ಸೈಡ್ ಸ್ಟ್ಯಾಂಡ್, ಹೊಸ ಕಾರಿನ ಕ್ಲಚ್ ಪೆಡಲ್ ಸ್ವಿಚ್, ಆಟೊಮ್ಯಾಟಿಕ್ ಗಾಡಿಯ ಪಾರ್ಕ್ ಅಥವಾ ನ್ಯೂಟ್ರಲ್ ಸ್ಥಾನ, ಟ್ರ್ಯಾಕ್ಟರಿನ ಗೇರ್ ಅಥವಾ ಪಿಟಿಒ (ಹಿಂದೆ ಜೋಡಿಸಿದ ಯಂತ್ರವನ್ನು ತಿರುಗಿಸುವ ದಂಡ) ಸ್ವಿಚ್. ಸ್ಕೂಟರಿನಲ್ಲಿ ಬ್ರೇಕ್ ಹಿಡಿಯದೆ ಸೆಲ್ಫ್ ಹೊಡೆಯುವುದಿಲ್ಲವೆಂಬುದು ಗೊತ್ತಿದ್ದರೂ, ಆ ಬ್ರೇಕಿನ ಸ್ವಿಚ್ಚೇ ಕೆಟ್ಟಿದ್ದರೆ ಯಾರಿಗೂ ಹೊಳೆಯುವುದಿಲ್ಲ. ಬ್ರೇಕ್ ಹಿಡಿದಾಗ ಹಿಂದಿನ ದೀಪ ಉರಿಯದಿದ್ದರೆ ಅಲ್ಲೇ ಶಂಕಿಸಬೇಕು.

ಚಾರ್ಜ್ ಮಾಡಿದರೂ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿಯಾಗುತ್ತಿದ್ದರೆ ಎರಡು ಕಾರಣಗಳಿವೆ. ಎಂಜಿನ್ ಓಡುವಾಗ ಕಂಬಗಳ ನಡುವೆ 13.8ರಿಂದ 14.5 ವೋಲ್ಟ್ ಇರಬೇಕು. ಇಲ್ಲದಿದ್ದರೆ ಡೈನಮೊ ಅಥವಾ ಅದರ ಬೆಲ್ಟ್ ಕೆಲಸ ಮಾಡುತ್ತಿಲ್ಲ. ಅದು ಸರಿಯಿದ್ದರೆ ಗಾಡಿ ನಿಂತಾಗ ಏನೋ ಒಂದು ಕರೆಂಟು ಹೀರುತ್ತಿದೆ. ಕಂಪನಿಯ ತಂತಿಗೆ ಅಲ್ಲಲ್ಲಿ ಕಚ್ಚಿಸಿ ಜೋಡಿಸಿದ ಸೌಂಡ್ ಸಿಸ್ಟಂ, ಬಣ್ಣದ ದೀಪಗಳು, ಜೋಡಿ ಹಾರ್ನುಗಳಿಂದ ಹುಡುಕಾಟ ಆರಂಭಿಸುವುದು ಒಳ್ಳೆಯದು.

ಈಗ ಮತ್ತೊಂದು ಬಗೆ: ಎಂಜಿನ್ ಚುರುಕಾಗಿ ತಿರುಗುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ. ಇಲ್ಲಿ ಬೇಕಾದದ್ದು ಸಹನೆ. ಒಂದೇ ಸಮನೆ ಸೆಲ್ಫ್ ಹೊಡೆಯುತ್ತ ಕೂತರೆ ಹತ್ತು ಸೆಕೆಂಡಿನ ನಂತರ ಮೋಟಾರು ಕಾಯತೊಡಗುತ್ತದೆ, ಬ್ಯಾಟರಿ ಬರಿದಾಗುತ್ತದೆ, ಒಂದಿದ್ದ ದೋಷ ಮೂರಾಗುತ್ತದೆ. ಪ್ರತಿ ಪ್ರಯತ್ನ ಹತ್ತು ಸೆಕೆಂಡಿಗೆ ಮೀರಬಾರದು, ನಡುವೆ ಅರ್ಧ ನಿಮಿಷವಾದರೂ ಬಿಡುವಿರಬೇಕು.

ಪೆಟ್ರೋಲ್ ಗಾಡಿಯಲ್ಲಿ ಕೀಲಿಯನ್ನು ಆನ್ ಸ್ಥಾನಕ್ಕೆ ತಂದು ಸುಮ್ಮನೆ ಕಿವಿಗೊಡಬೇಕು. ಇಂಜೆಕ್ಷನ್ ಇರುವ ಕಾರಿನಲ್ಲಿ ಹಿಂದಿನ ಸೀಟಿನ ಕಡೆಯಿಂದ, ಬೈಕಿನಲ್ಲಿ ಟ್ಯಾಂಕಿನಿಂದ, ಎರಡು ಸೆಕೆಂಡು ಗುಂಯ್ ಎಂಬ ಸದ್ದು ಬರುತ್ತದೆ. ಅದು ಪೆಟ್ರೋಲ್ ಪಂಪು. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ, ಪಂಪು ಈ ಕ್ರಮದಲ್ಲಿ ನೋಡಬೇಕು. ಅದೇ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ದೀಪ ಹತ್ತಬೇಕು. ಹತ್ತದಿದ್ದರೆ ಎಂಜಿನ್ನಿನ ಕಂಪ್ಯೂಟರಿಗೆ ಕರೆಂಟೇ ಹೋಗುತ್ತಿಲ್ಲವೆಂದು ತಿಳಿಯಬಹುದು. ಕೀಲಿಯ ಅಥವಾ ಬೀಗದ ಚಿತ್ರ ಮಿನುಗುತ್ತಿದ್ದರೆ ಗಾಡಿ ಆ ಕೀಲಿಯನ್ನು ತನ್ನದೆಂದು ಗುರುತಿಸಿಲ್ಲ. ಎಂಜಿನ್ ಹೊತ್ತಿಕೊಂಡು ಒಂದೆರಡು ಸೆಕೆಂಡಿನಲ್ಲೇ ಆರಿಹೋಗುವುದಕ್ಕೂ ಇದು ಕಾರಣವಾಗಬಹುದು. ಎರಡನೇ ಕೀಲಿ ತಂದು ನೋಡುವುದಕ್ಕೆ ಖರ್ಚೇನೂ ಇಲ್ಲ.

ಹಳೆಯ ಬೈಕುಗಳಲ್ಲಿ ಪ್ಲಗ್ ಬಿಚ್ಚಿ ನೋಡುವುದೇ ಅರ್ಧ ಉತ್ತರ ಕೊಡುತ್ತದೆ. ಹಲವು ಸಲ ಕಿಕ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಹುಟ್ಟುತ್ತಿಲ್ಲ ಅಥವಾ ಪೆಟ್ರೋಲ್ ಅತಿಯಾಗಿದೆ. ಪ್ಲಗ್ ಒರೆಸಿ ಒಣಗಿಸಿ, ಆಕ್ಸಲರೇಟರ್ ಪೂರ್ತಿ ತೆರೆದು ತಿರುಗಿಸಿದರೆ ಹೆಚ್ಚಾದದ್ದು ಹೊರಹೋಗುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲಿನ ಇಂಜೆಕ್ಷನ್ ಗಾಡಿಗಳಲ್ಲಿ, ಅದರಲ್ಲೂ ಕಾರುಗಳಲ್ಲಿ, ಪ್ಲಗ್ ಹೊರತೆಗೆದು ಕಿಡಿ ಹಾರಿಸಿ ನೋಡುವ ಹಳೆಯ ರೂಢಿಯನ್ನು ಬಿಡಬೇಕು. ಸಾವಿರಾರು ವೋಲ್ಟಿನ ಆ ಕಿಡಿ ಕಾಯಿಲನ್ನೂ ಕಂಪ್ಯೂಟರನ್ನೂ ಕೆಡಿಸಬಲ್ಲದು. ತಿಂಗಳುಗಟ್ಟಲೆ ನಿಂತ ಗಾಡಿಗೆ ಇನ್ನೊಂದು ಕಾರಣವೂ ಇದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ನೀರು ಒಂದು ಮಿತಿ ಮೀರಿದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಆ ತಳದ್ರವವೇ ಎಂಜಿನ್ನಿಗೆ ಹೋದರೆ ಅದು ಹೊತ್ತಿಕೊಳ್ಳುವುದಿಲ್ಲ. ಟ್ಯಾಂಕು ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕುವುದೇ ಪರಿಹಾರ.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಹದಿನೈದು, ಹದಿನೆಂಟು ಪಟ್ಟು ಒತ್ತಿದಾಗ ಹುಟ್ಟುವ ಶಾಖದಲ್ಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಸೈಲೆನ್ಸರಿನ ಬಾಯಿಯನ್ನು ನೋಡಬೇಕು. ಸೆಲ್ಫ್ ತಿರುಗಿಸುವಾಗ ಬಿಳಿ ಅಥವಾ ಬೂದು ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿದೆ, ಉರಿಯುತ್ತಿಲ್ಲ: ಸೆಲ್ಫಿನ ವೇಗ ಕಡಿಮೆಯಿರಬಹುದು, ಒತ್ತಡ ಕುಂದಿರಬಹುದು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಆಗ ಎಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಗುಬ್ಬಿ ಒಳಗೆ ಹೋಗಿದೆಯೇ, ತಂತಿ ಸಿಕ್ಕಿಕೊಂಡಿದೆಯೇ ಎಂದು ಮೊದಲು ನೋಡಬೇಕು. ಅನಂತರ ಏರ್ ಹಿಡಿದಿರುವ ಶಂಕೆ. ಟ್ಯಾಂಕಿನಲ್ಲಿ ಡೀಸೆಲ್ ತಳ ಮುಟ್ಟಿದ್ದರೆ, ಫಿಲ್ಟರ್ ಬದಲಿಸಿ ಸರಿಯಾಗಿ ಏರ್ ತೆಗೆಯದಿದ್ದರೆ, ರಬ್ಬರ್ ಪೈಪು ಸೀಳಿದ್ದರೆ ಗಾಳಿ ಒಳಸೇರುತ್ತದೆ. ಪಂಪು ಒತ್ತಿದಾಗ ಡೀಸೆಲ್ ಮುಂದೆ ಹೋಗುವ ಬದಲು ಗಾಳಿಗುಳ್ಳೆ ಕುಗ್ಗಿ ಹಿಗ್ಗುತ್ತದೆ, ನಾಝಲ್ ತೆರೆಯುವುದೇ ಇಲ್ಲ. ಹಳೆಯ ಮಾದರಿಯ ಟ್ರ್ಯಾಕ್ಟರಿನಲ್ಲಿ ಫಿಲ್ಟರಿನ ತಲೆಯ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಅದನ್ನು ಬಿಗಿದು, ಬಳಿಕ ಪಂಪಿನ ಸ್ಕ್ರೂವಿನಲ್ಲೂ ಹಾಗೆಯೇ ಮಾಡಬೇಕು. ಮತ್ತೆ ಮತ್ತೆ ಏರ್ ಹಿಡಿಯುತ್ತಿದ್ದರೆ ಸೋರುವ ಜಾಗ ಹುಡುಕಬೇಕೇ ಹೊರತು ಪ್ರತಿ ಬೆಳಿಗ್ಗೆ ಪಂಪು ಒತ್ತುತ್ತ ಕೂರಬಾರದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಕಾಮನ್ ರೈಲ್, ಅಂದರೆ ಎಲ್ಲ ನಾಝಲ್‌ಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಕೊಡುವ ವ್ಯವಸ್ಥೆ, ಇರುವ ಕಾರು, ಜೀಪು, ಲಾರಿಗಳಲ್ಲಿ ನಾಝಲ್ ಕಡೆಯ ಉಕ್ಕಿನ ಪೈಪಿನ ನಟ್ಟನ್ನು ಎಂಜಿನ್ ತಿರುಗುವಾಗ ಎಂದಿಗೂ ಸಡಿಲಿಸಬಾರದು. 2023ರ ಜನವರಿಯಿಂದ 50 ಎಚ್‌ಪಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಬಂದ ಮೇಲೆ ಆ ಗಾತ್ರದ ಯಂತ್ರಗಳಲ್ಲೂ ಈ ವ್ಯವಸ್ಥೆ ಬಂದಿದೆ. ಅಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ. ಕೂದಲೆಳೆಯಷ್ಟು ಸಣ್ಣ ಡೀಸೆಲ್ ಧಾರೆ ಚರ್ಮವನ್ನು ಕೊರೆದು ಒಳಹೊಕ್ಕರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸಂಡೂರಿನ ಅದಿರು ದಾರಿಗಳ ಕೆಂಪು ಧೂಳೂ ಭತ್ತದ ಕಟಾವಿನ ಹೊಟ್ಟೂ ಏರ್ ಫಿಲ್ಟರನ್ನು ಬಹಳ ಬೇಗ ಕಟ್ಟಿಹಾಕುತ್ತವೆ. ಆದರೆ ಕಟ್ಟಿದ ಫಿಲ್ಟರಿನಿಂದ ಗಾಡಿ ಸಾಮಾನ್ಯವಾಗಿ ಮೊದಲು ಕಪ್ಪು ಹೊಗೆ ಬಿಡುತ್ತದೆ, ಎಳೆತ ಕಳೆದುಕೊಳ್ಳುತ್ತದೆ. ಏಕಾಏಕಿ ಸ್ಟಾರ್ಟ್ ಆಗದೆ ನಿಲ್ಲುವುದು ಕಡಿಮೆ. ಭತ್ತದ ಚೀಲಗಳ ಪಕ್ಕ ನಿಲ್ಲಿಸಿದ ಗಾಡಿಯಲ್ಲಿ ಇಲಿ ಕಡಿದ ತಂತಿಯನ್ನು ಹುಡುಕುವುದೇ ಹೆಚ್ಚು ಫಲ ಕೊಡುತ್ತದೆ.

ಬೆಳಿಗ್ಗೆ ಸರಾಗವಾಗಿ ಹೊತ್ತಿಕೊಂಡು, ಮಧ್ಯಾಹ್ನ ಲಿಂಗಸುಗೂರಿನಲ್ಲಿ ಚಹಾಕ್ಕೆಂದು ನಿಲ್ಲಿಸಿದ ಮೇಲೆ ಹೊತ್ತಿಕೊಳ್ಳದೆ, ಅರ್ಧ ತಾಸು ತಣ್ಣಗಾದ ನಂತರ ಏನೂ ಆಗಿಲ್ಲವೆಂಬಂತೆ ಓಡುವ ಗಾಡಿಗಳಿವೆ. ಈ ನಡತೆಯೇ ಒಂದು ಸುಳಿವು. ಎಂಜಿನ್ ತಿರುಗುವಿಕೆಯನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಹಳೆಯದಾದಾಗ ಶಾಖಕ್ಕೆ ಅದರೊಳಗಿನ ಸುರುಳಿ ಕೈಕೊಟ್ಟು, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವೂ ಅಲುಗದಿದ್ದರೆ ಈ ಶಂಕೆ ಬಲವಾಗುತ್ತದೆ. ಇಂಥ ಗಾಡಿಯನ್ನು ತಣ್ಣಗಾದ ಮೇಲೆ ಗ್ಯಾರೇಜಿಗೆ ಒಯ್ದರೆ ಅಲ್ಲಿ ಏನೂ ಸಿಗುವುದಿಲ್ಲ. ಕೆಟ್ಟು ನಿಂತ ಹೊತ್ತಿನಲ್ಲೇ ಪರೀಕ್ಷಿಸಬೇಕು, ಅಥವಾ ಕಂಪ್ಯೂಟರಿನಲ್ಲಿ ಉಳಿದ ದೋಷಸಂಖ್ಯೆಯನ್ನು ಓದಿಸಬೇಕು.

ಎರಡು ಸಂದರ್ಭಗಳಲ್ಲಿ ಮತ್ತೊಮ್ಮೆ ಸೆಲ್ಫ್ ಹೊಡೆಯಲೇಬಾರದು. ಎಂಜಿನ್ ಎಂದಿಗಿಂತ ಹಗುರಾಗಿ, ಏರಿಳಿತವಿಲ್ಲದೆ ಒಂದೇ ಸಮನೆ ಸುಯ್ಯನೆ ತಿರುಗಿದರೆ, ವಾಲ್ವುಗಳನ್ನು ಪಿಸ್ಟನ್ನಿನ ಚಲನೆಗೆ ಹೊಂದಿಸುವ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಇನ್ನಷ್ಟು ತಿರುಗಿಸಿದರೆ ವಾಲ್ವಿಗೂ ಪಿಸ್ಟನ್ನಿಗೂ ಡಿಕ್ಕಿಯಾಗಿ ಸಣ್ಣ ರಿಪೇರಿ ದೊಡ್ಡದಾಗುತ್ತದೆ. ಇನ್ನೊಂದು, ಉಕ್ಕಿದ ಹಳ್ಳ ದಾಟುವಾಗ ನೀರಿನಲ್ಲೇ ಆರಿದ ಗಾಡಿ. ಎಂಜಿನ್ ಗಾಳಿಯ ಬದಲು ನೀರು ಕುಡಿದಿದ್ದರೆ, ನೀರು ಒತ್ತಿದರೆ ಕುಗ್ಗದ ವಸ್ತುವಾದ್ದರಿಂದ, ಸೆಲ್ಫಿನ ಬಲಕ್ಕೇ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಏರ್ ಫಿಲ್ಟರ್ ಡಬ್ಬಿ ತೆರೆದು ಒಳಗೆ ತೇವ ಕಂಡರೆ, ಪ್ಲಗ್ ಅಥವಾ ನಾಝಲ್ ಬಿಚ್ಚಿ ನೀರು ಹೊರಹಾಕಿದ ಮೇಲೆಯೇ ಎಂಜಿನ್ ತಿರುಗಿಸಬೇಕು. ತಳ್ಳಿ ಸ್ಟಾರ್ಟ್ ಮಾಡುವ ಯತ್ನವೂ ಇವೆರಡರಲ್ಲಿ ಅಷ್ಟೇ ಅಪಾಯಕಾರಿ.

ಇಷ್ಟಾದ ಮೇಲೂ ಮಿಸ್ತ್ರಿಯನ್ನು ಕರೆಯಬೇಕಾಗಬಹುದು. ಆಗ ಫೋನಿನಲ್ಲಿ ಗಾಡಿ ಸ್ಟಾರ್ಟ್ ಆಗುತ್ತಿಲ್ಲವೆಂದಷ್ಟೇ ಹೇಳಿದರೆ ಅವರು ಯಾವ ಸಾಮಾನು ತರಬೇಕೆಂದು ತಿಳಿಯದೆ ಬರಿಗೈಯಲ್ಲಿ ಬರುತ್ತಾರೆ. ಎಂಜಿನ್ ತಿರುಗುತ್ತಿದೆಯೇ, ಸೆಲ್ಫ್ ಯಾವ ಸದ್ದು ಮಾಡುತ್ತಿದೆ, ಬ್ಯಾಟರಿ ಸುಮ್ಮನಿದ್ದಾಗ ಎಷ್ಟು ವೋಲ್ಟ್, ಸೆಲ್ಫ್ ಹೊಡೆದಾಗ ಎಷ್ಟು, ಸೈಲೆನ್ಸರಿನಿಂದ ಹೊಗೆ ಬಂತೇ, ಯಾವ ದೀಪ ಉರಿಯುತ್ತಿದೆ, ಹಿಂದಿನ ದಿನ ಏನಾದರೂ ಬಿಚ್ಚಿ ಕೂಡಿಸಲಾಗಿತ್ತೇ ಎಂಬುದನ್ನು ಹೇಳಿದರೆ, ಮಸ್ಕಿಯಿಂದ ಹೊರಡುವ ಮೊದಲೇ ಅವರು ಕೇಬಲ್ ತರಬೇಕೋ ಫಿಲ್ಟರ್ ತರಬೇಕೋ ನಿರ್ಧರಿಸಬಲ್ಲರು.